ಉಳಿದೆರಡು ಚೀಟಿಗಳು

ಫೆಬ್ರವರಿ 3

ಪ್ರೀತಿಯ ಗುಂಡಾ,

"ಕೈಯೂ ನಿನ್ನದು, ಚೀಟಿಯೂ ನಿನ್ನದು" ಎಂದು ಅಪ್ಪ ಕಣ್ಣು ಮುಚ್ಚಿ ಹೇಳಿ, ಒಂದು ಗಳಿಗೆ ಉಸಿರು ಹಿಡಿದು, ಆಮೇಲೆ ಇನ್ನೊಂದು ಮಾತು ಸೇರಿಸುತ್ತಿದ್ದರು. ಅದು "ಮಾತ್ರ ನಮ್ಮದು" ಎಂದು ಮುಗಿಯುತ್ತಿತ್ತು. ಏನು ಮಾತ್ರ ನಮ್ಮದು? ಮೂರು ದಿನದಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ಕೈಯನ್ನೂ ಚೀಟಿಯನ್ನೂ ದೇವರಿಗೆ ಒಪ್ಪಿಸಿಬಿಟ್ಟ ಮೇಲೆ ನಮ್ಮ ಪಾಲಿಗೆ ಉಳಿಯುವುದಾದರೂ ಏನು?

ಇಷ್ಟು ಯೋಚಿಸುವಷ್ಟು ಪುರುಸೊತ್ತು ಯಾಕೆ ಎಂದರೆ, ಗ್ರಂಥಾಲಯದ ಏಣಿಯಿಂದ ಬಿದ್ದು ಬಲಗಾಲು ಎರಡು ಕಡೆ ಮುರಿದುಕೊಂಡಿದ್ದೇನೆ. ಹತ್ತು ವಾರ ಪ್ಲಾಸ್ಟರು. ಗಾಬರಿ ಬೇಡ, ಹೊರಟು ಬರುವುದೂ ಬೇಡ. ಏಣಿಯ ಮೂರನೆಯ ಮೆಟ್ಟಿಲು ಅಲುಗುತ್ತದೆ ಎಂದು ಎರಡು ವರ್ಷದಿಂದ ನಮಗೆಲ್ಲ ಗೊತ್ತು. ಬಡಗಿಗೆ ಹೇಳಬೇಕು ಎಂದು ಎಲ್ಲರೂ ಅನ್ನುತ್ತಿದ್ದೆವು. ದೇವರ ಸಾರ್ವಭೌಮತ್ವದ ಹೊರಗೆ ಒಂದು ಕಡ್ಡಿಯೂ ಅಲುಗದು ಎಂದು ನೀನು ಭಾನುವಾರ ಭಾನುವಾರ ಸಾರುತ್ತೀಯಲ್ಲ, ಹಾಗಾದರೆ ಬಡಗಿಗೆ ಹೇಳದೆ ಹೋದದ್ದು ಯಾರು ಸ್ವಾಮಿ?

ಇದನ್ನೇ ಮೇಲ್ಮನೆಯ ಟೈಲರಮ್ಮನನ್ನು ಕೇಳಿದೆ. ನನಗೆ ಎರಡು ಹೊತ್ತು ಊಟ ತಂದುಕೊಡುವವಳು ಅವಳೇ. "ಬಿದ್ದಿದ್ದು ನೀವು, ದೇವರ ತಲೆಗೆ ಯಾಕೆ ಕಟ್ತೀರಿ ಮೇಡಂ?" ಅಂದಳು. ನಿನ್ನ ಇಡೀ ವರ್ಷದ ಪ್ರಸಂಗಗಳಿಗೆ ಉತ್ತರ ಒಂದೇ ಸಾಲಿನಲ್ಲಿ!

ದೇವರ ಚಿತ್ತ ಕೇಳಲು ಅಪ್ಪ ಚೀಟಿ ಹಾಕಿಡುತ್ತಿದ್ದ ಆ ಕನ್ನಡಕದ ಪೆಟ್ಟಿಗೆ ನೆನಪಾಯಿತು, ಅದಕ್ಕೇ ಆ ಸಾಲೂ ನೆನಪಾಯಿತು. ಒಂದು ಚೀಟಿಯಲ್ಲಿ ಹೌದು, ಒಂದರಲ್ಲಿ ಇಲ್ಲ, ಮೂರನೆಯದು ಖಾಲಿ. ಖಾಲಿ ಬಂದರೆ ಕಾಯಬೇಕು. ಸೋರುವ ಆ ಮನೆ ಬಿಡಬೇಕೋ ಬೇಡವೋ ಎಂದು ಕೇಳಿದಾಗ ಮೂರು ವರ್ಷ ಸತತವಾಗಿ ಖಾಲಿಯೇ ಬಂದು, ನಾವು ಪಾತ್ರೆ ಇಟ್ಟುಕೊಂಡು ಮಲಗಿದ್ದು ಮರೆತೆಯಾ? ಬರೆಯುವುದು ನನ್ನ ಕೆಲಸ, ಎತ್ತುವುದು ಯಾರ ವಿಷಯವೋ ಅವರದು, ಉಳಿದೆರಡನ್ನು ಬಿಚ್ಚಿ ನೋಡದೆ ಹಿತ್ತಲ ಒಲೆಗೆ ಹಾಕುವುದು ಚಿಕ್ಕವನಾದ ನಿನ್ನದು. ದೇವರು ಹೇಳದೆ ಬಿಟ್ಟದ್ದನ್ನು ನಾವು ಓದಬಾರದು ಎಂದು ಅಪ್ಪನ ಕಟ್ಟಪ್ಪಣೆ.

ಆ ಸಾಲು ಪೂರ್ತಿ ಮಾಡಿ ಕಳಿಸು. ಫೋನು ಟೈಲರಮ್ಮನ ಮನೆಯಲ್ಲಿದೆ, ಆದರೆ ನನಗೂ ಅದಕ್ಕೂ ನಡುವೆ ಇಪ್ಪತ್ತೆರಡು ಮೆಟ್ಟಿಲು. ಕಾಗದವೇ ಗತಿ.

ನಿನ್ನ ಅಕ್ಕ


ಫೆಬ್ರವರಿ 14

ಅಕ್ಕಾ,

ಕರ್ತನಲ್ಲಿ ವಂದನೆ. ನಿನ್ನ ಕಾಲಿಗಾಗಿ ಸಭೆಯಲ್ಲಿ ಪ್ರಾರ್ಥನೆ ಮಾಡಿದೆವು. ಏಣಿಗಾಗಿಯೂ ಮಾಡಿ ಎಂದು ಇವಳು ಹಿಂದಿನ ಬೆಂಚಿನಿಂದ ಪಿಸುಗುಟ್ಟಿದಳು.

ಸಾಲು ಸುಲಭ. "ಕೈಯೂ ನಿನ್ನದು, ಚೀಟಿಯೂ ನಿನ್ನದು, ವಿಧೇಯತೆ ಮಾತ್ರ ನಮ್ಮದು." ನಾನು ತಿಂಗಳಿಗೊಮ್ಮೆಯಾದರೂ ಹೇಳುವ ಮಾತು, ನೀನು ಹೇಗೆ ಮರೆತೆಯೋ.

ಬಡಗಿಯ ಪ್ರಶ್ನೆಗೆ ಬರುತ್ತೇನೆ. ನೀನು ಬಿದ್ದದ್ದು ದೇವರ ಕೈಯೊಳಗೇ, ಅಷ್ಟು ಬಲ್ಲೆ. ಅದರಾಚೆಗೆ ಬೀಳುವ ಜಾಗವೇ ಇಲ್ಲ.

ಒಂದು ಕೆಲಸವಾಗಬೇಕು. ಅಪ್ಪನ ಪೆಟ್ಟಿಗೆ ನಿನ್ನ ಬಳಿಯೇ ಇದೆಯಲ್ಲ, ಯಾವತ್ತಿನ ಹಾಗೆ ಸಿದ್ಧ ಮಾಡಿ ಕಳಿಸು. ಅಪ್ಪ ಹೋದ ಮೇಲೆ ಈ ಹನ್ನೊಂದು ವರ್ಷ ನಾನು ಯಾರಿಗೂ ಚೀಟಿ ಎತ್ತಿಸಿದವನಲ್ಲ. ಈಗ ಸಭೆಯ ಒಬ್ಬರಿಗೆ ಬೇಕಾಗಿದೆ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿದೆಯಂತೆ. ಹಾಗೇ ಬಿಟ್ಟರೆ ಇವತ್ತು ಒಡೆಯಬಹುದು, ಹತ್ತು ವರ್ಷ ಒಡೆಯದೆಯೂ ಇರಬಹುದು. ಆಪರೇಷನ್ ಮಾಡಿಸಿದರೆ ಹತ್ತರಲ್ಲಿ ಒಬ್ಬರು ಮೇಜಿನಿಂದ ಏಳುವುದಿಲ್ಲ. ಮಾರ್ಚ್ ಇಪ್ಪತ್ತಕ್ಕೆ ದಿನ ಕೊಟ್ಟಿದ್ದಾರೆ. ಆ ಮನುಷ್ಯನಿಗೆ ಒಂದು ದಿನ ಹೌದೆನಿಸುತ್ತದೆ, ಮಾರನೆಯ ದಿನ ಬೇಡವೆನಿಸುತ್ತದೆ. ಊಟ ಸೇರುತ್ತಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಗಂಟೆ ಬಾರಿಸುವ ಕೆಲಸ ಈಗ ಹಾರ್ಮೋನಿಯಂ ಮೇಷ್ಟ್ರು ಮಾಡುತ್ತಾರೆ. ಬೆಂಚುಗಳನ್ನೂ ನಾನು ಎತ್ತುವುದಿಲ್ಲ.

ನಿನ್ನ ತಮ್ಮ


ಫೆಬ್ರವರಿ 22

ಗುಂಡಾ,

ಬೆಂಚು ಎತ್ತುವುದಿಲ್ಲ, ಗಂಟೆ ಬಾರಿಸುವುದಿಲ್ಲ. ದೊಡ್ಡ ಪಾದ್ರಿಗಳಾದಿರಿ! ಹತ್ತೊಂಬತ್ತರಲ್ಲಿ ರೈಲ್ವೆ ವರ್ಕ್‌ಶಾಪಿನ ಗೇಟಿನ ಬಳಿ ದಿನಗಟ್ಟಲೆ ನಿಂತು, ಉಗುರಲ್ಲಿ ಗ್ರೀಸು ಮಾಡಿಕೊಂಡು ಬರುತ್ತಿದ್ದವನು ಇವನೇನಾ? ಸೋಮಾರಿತನ ಮೈಗೆ ಹತ್ತಿದರೆ ನಿನ್ನ ಹೆಸರು ಮತ್ತೆ ನಿನಗೆ ಒಪ್ಪುವಂತಾಗುತ್ತದೆ, ನೋಡಿಕೋ.

ಪೆಟ್ಟಿಗೆ ಕಳಿಸುತ್ತಿದ್ದೇನೆ. ಟ್ರಂಕಿನ ತಳದಲ್ಲಿತ್ತು, ಟೈಲರಮ್ಮ ಹುಡುಕಿ ಕೊಟ್ಟಳು. ಕೀಲು ಸ್ವಲ್ಪ ಬಿಗಿ, ಒಳಗಿನ ನೀಲಿ ಮಖಮಲ್ಲು ಅಪ್ಪನ ಹೆಬ್ಬೆರಳು ತಾಗುತ್ತಿದ್ದ ಕಡೆ ಸವೆದಿದೆ. ಚೀಟಿಗಳನ್ನು ಕತ್ತರಿಸಿ, ಸುರುಳಿ ಸುತ್ತಿ ಒಳಗೇ ಇಟ್ಟಿದ್ದೇನೆ. ಹಳೆಯ ಕ್ಯಾಟಲಾಗ್ ಕಾರ್ಡಿನ ತೆಳು ಕಾಗದ. ಕೈಗೆ ಅಭ್ಯಾಸ ಇನ್ನೂ ಹೋಗಿಲ್ಲ.

ಆ ಮನುಷ್ಯನಿಗೆ ನನ್ನದೊಂದು ಮಾತು ಹೇಳು, ಕೇಳಿದರೆ ಕೇಳಲಿ. ಡಾಕ್ಟರು ದಿನ ಕೊಟ್ಟಿದ್ದಾರೆ ಎಂದರೆ ಹೋಗಬೇಕು. ಚೀಟಿ ಯಾಕೆ? ದೇವರು ಅಷ್ಟು ದೊಡ್ಡವನಾದರೆ ಮೂರು ತುಂಡು ಕಾಗದದೊಳಗೆ ಬಂದು ಕೂರುವ ಹಂಗು ಅವನಿಗೇನು? ಅಪ್ಪನ ಎದುರು ಇದನ್ನು ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ನಿನ್ನ ಎದುರೂ ಕಾಗದದಲ್ಲೇ ಹೇಳುತ್ತಿದ್ದೇನೆ.

"ವಿಧೇಯತೆ" ಎಂದೆಯಲ್ಲ, ಅದು ಅಲ್ಲವೇನೋ. ಅಪ್ಪ ಹೇಳುತ್ತಿದ್ದದ್ದು ಚಿಕ್ಕ ಮಾತು. ಹೇಳುವಾಗ ಅವರ ದನಿ ಇಳಿಯುತ್ತಿತ್ತು.

ಅಕ್ಕ


ಮಾರ್ಚ್ 9

ಅಕ್ಕಾ,

ಪೆಟ್ಟಿಗೆ ತಲುಪಿತು. ಬುಧವಾರ ಬೆಳಿಗ್ಗೆ ಪ್ರಾರ್ಥನೆಯ ನಂತರ, ಹಿರಿಯರಿಬ್ಬರ ಮುಂದೆ ಚೀಟಿ ಎತ್ತಿದ್ದಾಯಿತು. ಖಾಲಿ ಬಂತು. ಕಾಯಬೇಕು. ಇಪ್ಪತ್ತನೆಯ ತಾರೀಕು ಬೇಡವೆಂದು ಆಸ್ಪತ್ರೆಗೆ ತಿಳಿಸಿದ್ದೂ ಆಯಿತು. ಸರ್ಜನ್ ಕೋಪ ಮಾಡಿಕೊಂಡರು, ಸಹಜವೇ. ಉಳಿದೆರಡನ್ನು ನೋಡದೆ ಒಲೆಗೆ ಹಾಕಿದೆ.

ಇನ್ನು ನಿನ್ನಿಂದ ಮುಚ್ಚಿಡುವುದು ಸರಿಯಲ್ಲ. ಆ ಮನುಷ್ಯ ನಾನೇ.

ಬೈಯಬೇಡ. ನೀನು ಕಾಲು ಮುರಿದುಕೊಂಡು ಮಲಗಿದ್ದೀಯ, ಹೇಳಿದರೆ ಕುಂಟುತ್ತಾ ಹೊರಟುಬಿಡುತ್ತೀಯ ಎಂದು ಸುಮ್ಮನಿದ್ದೆ. ಎರಡು ತಿಂಗಳಲ್ಲಿ ಮೊದಲ ಸಲ ನಿನ್ನೆ ಚೆನ್ನಾಗಿ ಊಟ ಮಾಡಿದೆ. ಅಕ್ಕಾ, ನಿರ್ಧಾರ ನನ್ನದಲ್ಲ ಎಂದು ಗೊತ್ತಾದಾಗ ಹೆಗಲಿನಿಂದ ಏನೋ ಇಳಿಯುತ್ತದೆ. ಅದನ್ನು ನಿನಗೆ ಹೇಗೆ ತಿಳಿಸಲಿ? ಸಾರ್ವಭೌಮತ್ವ ಎಂಬ ಪದ ನಿನಗೆ ಅರಸನ ದರ್ಬಾರಿನಂತೆ ಕೇಳಿಸುತ್ತದೆ. ನನಗೆ ಅದು ಬೇರೆ ಯಾರೋ ಎಚ್ಚರವಾಗಿದ್ದಾರೆ, ನಾನು ಮಲಗಬಹುದು ಎಂದ ಹಾಗೆ.

ಚೀಟಿಯನ್ನು ನೀನು ಬರೆದದ್ದು ಎಂಬುದೂ ಒಂದು ಸಮಾಧಾನ.

ಗುಂಡ


ಮಾರ್ಚ್ 13, ಎಕ್ಸ್‌ಪ್ರೆಸ್ ಅಂಚೆ

ಗುಂಡಾ, ಮೊದಲು ಇದನ್ನು ಓದು. ಮೂರೂ ಖಾಲಿ.

ನಾನು ಏನೂ ಬರೆದಿರಲಿಲ್ಲ. ಬರೀ ಕಾಗದ ಸುತ್ತಿ ಇಟ್ಟಿದ್ದೆ, ಅಲ್ಲೇ ಯಾರಾದರೂ ಬರೆದುಕೊಳ್ಳುತ್ತಾರೆ ಎಂದು. ನೀನು ಯಾವುದನ್ನು ಎತ್ತಿದ್ದರೂ ಖಾಲಿಯೇ ಬರುತ್ತಿತ್ತು. ಅದು ಉತ್ತರವಲ್ಲ, ನನ್ನ ಮರೆವೂ ಅಲ್ಲ, ನನ್ನ ಹೇಡಿತನ. ಚೀಟಿಗಳಲ್ಲಿ ಏನೂ ಬರೆದಿಲ್ಲ ಎಂದು ಕಾಗದದಲ್ಲಿ ಒಂದು ಸಾಲು ಸ್ಪಷ್ಟವಾಗಿ ಬರೆದಿದ್ದರೆ ಸಾಕಿತ್ತು. ಇವತ್ತೇ ಆಸ್ಪತ್ರೆಗೆ ಹೋಗು. ಇಪ್ಪತ್ತಕ್ಕೆ ಇನ್ನೂ ಏಳು ದಿನವಿದೆ.

ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಹೇಳಿಬಿಡುತ್ತೇನೆ, ಹೇಳದೆ ನೀನು ನಂಬುವುದಿಲ್ಲ. ಇಪ್ಪತ್ತೇಳು ವರ್ಷದ ಹಿಂದೆ ನಿನಗೆ ವರ್ಕ್‌ಶಾಪಿನಿಂದ ಕೆಲಸದ ಕರೆ ಬಂದಿತ್ತು. ಪಾದ್ರಿಯಾಗಲು ಓದುವ ಸೆಮಿನರಿಯೋ ವರ್ಕ್‌ಶಾಪೋ ಎಂದು ಅಪ್ಪ ಚೀಟಿ ಇಡಿಸಿದರು. ಸೆಮಿನರಿಗೆ ಹೋಗಬೇಕೇ ಎಂಬುದು ಪ್ರಶ್ನೆ. ನಾನು ಮೂರರಲ್ಲೂ ಹೌದು ಎಂದು ಬರೆದೆ.

ಭಕ್ತಿಯಿಂದ ಅಲ್ಲ. ಇಬ್ಬರಲ್ಲಿ ಒಬ್ಬರು ಸಭೆಯ ಕೆಲಸಕ್ಕೆ ನಿಲ್ಲಲೇಬೇಕು ಎಂದು ಅಪ್ಪ ಆಗಾಗ ಅನ್ನುತ್ತಿದ್ದರು. ನೀನು ನಿಂತರೆ ನಾನು ಎಂ.ಎ.ಗೆ ಹೋಗಬಹುದಿತ್ತು. ಹೋದೆ. ಕಾವ್ಯ ಓದಿದೆ. ನಿನ್ನನ್ನು ಕೊಟ್ಟು ತಂದ ಓದು ಅದು. ಆವತ್ತಿನಿಂದ ನಾನು ಯಾವ ಚೀಟಿಯ ಮೇಲೂ ಒಂದಕ್ಷರ ಬರೆದಿಲ್ಲ. ಅಪ್ಪನಿಗೆ ಬೆರಳು ನೋವು ಎಂದು ನೆಪ ಹೇಳಿದ್ದೆ.

ಆಗ ಎತ್ತಿದ್ದೂ ದೇವರದಲ್ಲ, ಈಗ ಎತ್ತಿದ್ದೂ ಅಲ್ಲ. ಎರಡೂ ನನ್ನ ಕಾಗದ. ದಯವಿಟ್ಟು ಆಸ್ಪತ್ರೆಗೆ ಹೋಗು.

ಅಕ್ಕ


ಮಾರ್ಚ್ 20

ಗುಂಡಾ,

ಏಳು ದಿನವಾಯಿತು. ಇವತ್ತು ಆ ತಾರೀಕು. ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಿದ್ದೇನೆ. ನೀನು ಈಗ ಆಪರೇಷನ್ ಕೋಣೆಯಲ್ಲಿದ್ದೀಯೋ, ಪ್ರಸಂಗ ಬರೆಯುತ್ತಿದ್ದೀಯೋ ಗೊತ್ತಿಲ್ಲ.

ಟೈಲರಮ್ಮ ಚರ್ಚಿನ ಫೋನಿಗೆ ನಾಲ್ಕು ದಿನ ಪ್ರಯತ್ನಿಸಿದಳು. "ಹೊಡ್ಕೊಳ್ತದೆ, ಎತ್ತೋರಿಲ್ಲ ಮೇಡಂ. ದೇವರ ಮನೆ ಫೋನೇ ಹಿಂಗಾದ್ರೆ ನಮ್ಮಂಥೋರ ಗತಿ ಏನು?" ಅಂದಳು. ನಗಿಸಲು ಹೇಳಿದ್ದು. ನಾನು ಅತ್ತುಬಿಟ್ಟೆ. ಪಾಪ, ಅವಳು ಕತ್ತಿನಲ್ಲಿದ್ದ ಅಳತೆ ಟೇಪು ಹಿಡಿದುಕೊಂಡೇ ನಿಂತಿದ್ದಳು.

ಮೊನ್ನೆ ಗೋಡೆ ಹಿಡಿದು ಮೆಟ್ಟಿಲವರೆಗೆ ಹೋದೆ. ಎರಡು ಮೆಟ್ಟಿಲು ಕೂತುಕೊಂಡೇ ಹತ್ತಿದೆ, ಮೂರನೆಯದಕ್ಕೆ ಕಣ್ಣು ಕತ್ತಲೆ ಬಂತು. ಅವಳು ಎತ್ತಿಕೊಂಡು ಬಂದು ಮಲಗಿಸಿ, ಊರುಗೋಲನ್ನು ತನ್ನ ಮನೆಗೇ ತೆಗೆದುಕೊಂಡು ಹೋದಳು. ನನಗೀಗ ಹಾಸಿಗೆ, ಕಿಟಕಿ, ಈ ಪೆನ್ನು. ನಿನ್ನ ಊರಿಗೆ ಎರಡು ದಿನದ ರೈಲು.

ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ತೋಟದಲ್ಲಿ ದೇವರ ಮಗ ನೆಲಕ್ಕೆ ಬಿದ್ದು, ಈ ಸಂಕಟ ತಪ್ಪಿಸು ಎಂದು ತಂದೆಯನ್ನು ಕೇಳಿಕೊಂಡದ್ದನ್ನು ನೆನೆಯುತ್ತಿದ್ದೆ. ಮೂರು ಸಲ ಕೇಳಿದ. ಹೌದು ಎಂಬ ದನಿಯೂ ಬರಲಿಲ್ಲ, ಇಲ್ಲ ಎಂಬುದೂ ಬರಲಿಲ್ಲ. ಅವನಿಗೂ ಖಾಲಿ ಚೀಟಿಯೇ ಬಂದದ್ದು. ಆದರೆ ಅವನು ಕಾಯುತ್ತಾ ಕೂರಲಿಲ್ಲ ಗುಂಡಾ, ಎದ್ದು ನಡೆದ. ಪಾದ್ರಿ ನೀನು, ತಪ್ಪಿದ್ದರೆ ತಿದ್ದು. ತಿದ್ದುವುದಕ್ಕಾದರೂ ಒಂದು ಸಾಲು ಬರೆ.

ಅಕ್ಕ


ಮಾರ್ಚ್ 23

ಅಕ್ಕಾ,

ನಿನ್ನ ಎಕ್ಸ್‌ಪ್ರೆಸ್ ಕಾಗದ ಹದಿನಾರಕ್ಕೇ ಬಂತು. ಉತ್ತರಿಸಲು ಆಗಲಿಲ್ಲ. ಇಪ್ಪತ್ತು ದಾಟಿಹೋಯಿತು. ಆಸ್ಪತ್ರೆಗೆ ಹೋಗಲಿಲ್ಲ.

ಮೂರರಲ್ಲೂ ಹೌದು ಇದ್ದದ್ದು ನನಗೆ ಗೊತ್ತಿತ್ತು.

ಆವತ್ತು ಹಿತ್ತಲಿನಲ್ಲಿ ಉಳಿದೆರಡನ್ನು ಬಿಚ್ಚಿ ನೋಡಿದೆ. ಅದೊಂದೇ ಸಲ ನೋಡಿದ್ದು. ಒಂದರಲ್ಲಿ ನಿನಗೆ ಅವಸರವಾಗಿ ಶಾಯಿ ಹರಡಿತ್ತು. ಎರಡನ್ನೂ, ವರ್ಕ್‌ಶಾಪಿನ ಕಾಗದವನ್ನೂ ಒಟ್ಟಿಗೆ ಒಲೆಗೆ ಹಾಕಿದೆ. ನಾನು ತಿಳಿದದ್ದು ಅಪ್ಪ ನಿನ್ನ ಕೈಯಲ್ಲಿ ಬರೆಸಿದ್ದಾರೆ ಎಂದು. ನೀನಾಗಿ ಬರೆದಿರುತ್ತೀಯ ಎಂದು ಒಂದು ದಿನವೂ ಹೊಳೆಯಲಿಲ್ಲ. ಕೊನೆಯ ದಿನಗಳಲ್ಲಿ ಅಪ್ಪನ ಹತ್ತಿರ ಯಾಕೆ ಅಷ್ಟು ಬಿಗಿಯಾಗಿರುತ್ತೀ ಎಂದು ನೀನು ಕೇಳಿದ್ದೆಯಲ್ಲ, ಇದಕ್ಕೇ. ಅವರು ನನ್ನ ಕೈ ಹಿಡಿದುಕೊಂಡು ಏನೋ ಹೇಳಲು ಬಂದಾಗ, ನೀರು ತರುತ್ತೇನೆಂದು ಎದ್ದುಹೋದೆ. ಅವರಿಗೆ ಏನೂ ಗೊತ್ತಿರಲಿಲ್ಲ ಎಂದು ನಿನ್ನ ಕಾಗದದಿಂದ ಈಗ ತಿಳಿಯಿತು. ಹನ್ನೊಂದು ವರ್ಷ ತಡವಾಗಿ.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಮೋಸದ ಚೀಟಿ ಎಂದು ಗೊತ್ತಿದ್ದೂ ನಾನು ಸೆಮಿನರಿಗೆ ಹೋದೆನಲ್ಲ! ರೈಲಿನಲ್ಲಿ ಕೂತು ಯೋಚಿಸಿದ್ದೆ: ಬರೆದವರು ಯಾರಾದರೇನು, ಬರೆಯಗೊಟ್ಟವನು ಒಬ್ಬನೇ. ಅವನ ಕೈ ನಿನ್ನ ಕೈಗಿಂತ ದೊಡ್ಡದು. ಅದನ್ನು ಹಿಡಿದೇ ಇಷ್ಟು ವರ್ಷ ಬದುಕಿದ್ದು, ಮದುವೆ ಮಾಡಿಸಿದ್ದು, ಸತ್ತವರನ್ನು ಮಣ್ಣು ಮಾಡಿದ್ದು. ಈಗ ಮೂರೂ ಖಾಲಿ ಎಂದು ನೀನು ಬರೆದಾಗಲೂ ಮನಸ್ಸು ಮೊದಲು ಹೇಳಿದ್ದು ಅದೇ ಮಾತು, ಖಾಲಿ ಕಳಿಸಗೊಟ್ಟವನೂ ಅವನೇ ಎಂದು. ಆ ಮಾತಿಗೆ ತುದಿಯೇ ಇಲ್ಲ ಅಕ್ಕಾ. ನೀನು ಏನು ತಂದು ಎದುರಿಗಿಟ್ಟರೂ ಅದು ನುಂಗಿಬಿಡುತ್ತದೆ. ನನಗೇ ಮೊದಲ ಸಲ ಅದನ್ನು ಕಂಡು ಹೆದರಿಕೆಯಾಯಿತು.

ಅಪ್ಪನ ಸಾಲಿನ ಬಗ್ಗೆ ನಿನ್ನ ನೆನಪೇ ಸರಿ. "ಭಯ ಮಾತ್ರ ನಮ್ಮದು" ಎನ್ನುತ್ತಿದ್ದರು. ಪ್ರಸಂಗಪೀಠದಿಂದ ಹೇಳಲು ಅದು ಚೆನ್ನಾಗಿರುವುದಿಲ್ಲವೆಂದು ನಾನೇ ವಿಧೇಯತೆ ಮಾಡಿಕೊಂಡೆ.

ನೀನೇ ತೀರ್ಮಾನ ಮಾಡು ಎಂದು ಸರ್ಜನ್ ಹೇಳುತ್ತಾರೆ, ಇವಳೂ ಹೇಳುತ್ತಾಳೆ, ಹೇಳಿ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ತೀರ್ಮಾನ ಮಾಡಲು ಬರುವುದಿಲ್ಲ. ನಲವತ್ತಾರು ವರ್ಷಕ್ಕೆ ಕಲಿತೇ ಇಲ್ಲ. ನಾಲ್ಕು ದಿನದಿಂದ ಬೆನ್ನಿನಲ್ಲಿ ಒಂದು ನೋವು ಬಂದು ಹೋಗುತ್ತಿದೆ.

ಒಂದು ಚೀಟಿ ಬರೆದು ಕಳಿಸು. ಒಂದೇ. ಮೂರು ಬೇಡ.

ಗುಂಡ


ಮಾರ್ಚ್ 27, ಎಕ್ಸ್‌ಪ್ರೆಸ್ ಅಂಚೆ

ಗುಂಡಾ,

ನಿನ್ನ ಕಾಗದ ಬಂದು ಎರಡು ಗಂಟೆಯಾಯಿತು. ಹತ್ತರಲ್ಲಿ ಒಬ್ಬರು ಎಂದು ನೀನು ಬರೆದದ್ದನ್ನು ತೆಗೆದು ಮತ್ತೆ ಓದಿದೆ. ಆ ಒಬ್ಬ ನೀನಾದರೆ, ಬರೆದವಳು ನಾನು. ಬರೆಯದೆ ಬಿಟ್ಟು ಆ ನಾಳ ಒಡೆದರೆ, ಬರೆಯದವಳೂ ನಾನೇ. ಇದನ್ನೆಲ್ಲ ಹೊತ್ತುಕೊಂಡು ಕೂತಿರುವವನೊಬ್ಬನಿದ್ದಾನೆ ಎಂದು ನೀನು ಯಾಕೆ ನಂಬುತ್ತೀಯ ಎಂಬುದು ಈ ಎರಡು ಗಂಟೆಯಲ್ಲಿ ನನಗೆ ಅರ್ಥವಾಯಿತು. ನಂಬಿಕೆ ಬಂತು ಎಂದಲ್ಲ. ಆಸೆಯಾಯಿತು.

ಚೀಟಿ ಒಳಗಿದೆ. ಸುರುಳಿ ಸುತ್ತಿಲ್ಲ, ಬಿಚ್ಚಿಯೇ ಇಟ್ಟಿದ್ದೇನೆ. ಹೌದು ಎಂದು ಬರೆದಿದ್ದೇನೆ. ಕೆಳಗೆ "ಅಕ್ಕ" ಎಂದು ಸಹಿ ಹಾಕಿದ್ದೇನೆ, ಬೇರೆ ಯಾರ ಕೈಯೋ ಎಂದು ನೀನು ತಿಳಿಯಬಾರದೆಂದು.

ಕಾಗದ ಸಿಕ್ಕ ದಿನವೇ ಹೋಗು.


ಏಪ್ರಿಲ್ 5

ಗುಂಡಾ,

ಇದನ್ನು ನೀನು ಯಾವಾಗ ಓದುತ್ತೀಯೋ ಗೊತ್ತಿಲ್ಲ. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದೇನೆ.

ಚೀಟಿ ಕಳಿಸಿ ಒಂಬತ್ತು ದಿನ. ಮೊನ್ನೆ ನಿನ್ನ ಹೆಂಡತಿ ಟೈಲರಮ್ಮನಿಗೆ ಫೋನು ಮಾಡಿ, ಕಾಗದ ಸಿಕ್ಕಿತು, ನೀನು ಚೀಟಿಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಸೇರಿದೆ, ಐದನೆಯ ತಾರೀಕು ಬೆಳಿಗ್ಗೆ ಆಪರೇಷನ್ ಎಂದಳಂತೆ. ಅಂದರೆ ಇವತ್ತು. ನನ್ನ ಮಾತು ಕೇಳಿದೆ. ಜೀವನದಲ್ಲಿ ಮೊದಲ ಸಲ ನನ್ನ ಮಾತು ಕೇಳಿದೆ, ಅದು ಇದೇ ಆಗಬೇಕಿತ್ತೇ?

ಪ್ರಾರ್ಥನೆ ಮಾಡಲು ನೋಡಿದೆ. "ಕೈಯೂ ನಿನ್ನದು" ಎನ್ನುವವರೆಗೆ ಬಂದು ನಿಂತೆ. ಸರ್ಜನ್ನರ ಕೈ ನೆನಪಾಯಿತು. ಅವರು ಬೆಳಿಗ್ಗೆ ಸರಿಯಾಗಿ ತಿಂಡಿ ತಿಂದಿರಲಿ, ಮನೆಯಲ್ಲಿ ಜಗಳವಾಡಿ ಬಂದಿರದಿರಲಿ ಎಂದು ಕೇಳಿಕೊಂಡೆ. ಎಲ್ಲವನ್ನೂ ಆಳುವವನಿಗೆ ಇಷ್ಟು ಚಿಕ್ಕ ಅರ್ಜಿ. ಅದಕ್ಕಿಂತ ದೊಡ್ಡದು ಬಾಯಿಗೆ ಬರಲಿಲ್ಲ.

ಅಪ್ಪ ನಿನಗೆ ಏನು ಹೇಳಲು ಬಂದಿದ್ದರೋ, ಅದನ್ನೂ ಯೋಚಿಸಿದೆ. ಅವರು ಹೋಗುವ ವಾರ ನನ್ನ ಹತ್ತಿರ ಒಮ್ಮೆ, "ಅವನು ರೈಲಿನ ಶಬ್ದ ಕೇಳಿದರೆ ಈಗಲೂ ತಲೆ ಎತ್ತುತ್ತಾನೆ, ಅಲ್ವಾ?" ಅಂದಿದ್ದರು. ನಾನು ಮಾತು ಬದಲಿಸಿದೆ. ಇದನ್ನು ನಿನಗೆ ಮುಂಚೆಯೇ ಹೇಳಬೇಕಿತ್ತು.

ಮೇಲೆ ಹೊಲಿಗೆ ಯಂತ್ರ ಓಡುತ್ತಿದೆ. ಅದು ಓಡುವವರೆಗೆ ಫೋನು ಬಂದಿಲ್ಲ ಎಂದು ಅರ್ಥ. ಇಡೀ ಬೆಳಗು ಆ ಕಟಕಟ ಶಬ್ದ ಹಿಡಿದುಕೊಂಡು ಕೂತಿದ್ದೇನೆ. ಹನ್ನೊಂದೂವರೆ. ಹನ್ನೆರಡೂ ಕಾಲು. ಒಂದು ಸಲ ನಿಂತಿತು, ಗೋಡೆ ಹಿಡಿದು ಅರ್ಧ ಎದ್ದೆ. ದಾರ ಕಡಿದಿರಬೇಕು, ಮತ್ತೆ ಶುರುವಾಯಿತು.

ಈಗ ನಿಂತಿದೆ. ಎರಡು ನಿಮಿಷವಾಯಿತು. ಮೆಟ್ಟಿಲಲ್ಲಿ ಅವಳ ಚಪ್ಪಲಿ ಸದ್ದು. ಯಾವತ್ತೂ ದಡದಡನೆ ಇಳಿಯುವವಳು ನಿಧಾನವಾಗಿ ಬರುತ್ತಿದ್ದಾಳೆ.

ಪೆನ್ನು ಕೆಳಗಿಟ್ಟಿದ್ದೆ, ಮತ್ತೆ ಎತ್ತಿಕೊಂಡಿದ್ದೇನೆ. ಅವಳು ಬಂದು ಹೋದಳು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು, ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು ಮತ್ತೆ ಅಲ್ಲೇ ಚುಚ್ಚುತ್ತಾ. ನಮ್ಮ ಪೆಟ್ಟಿಗೆಯ ವಿಷಯ, ಮೂರು ಚೀಟಿಗಳ ವಿಷಯ ಅವಳಿಗೆ ನಾನು ಯಾವತ್ತೂ ಹೇಳಿದವಳಲ್ಲ. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

"ನಿಮ್ಮ ತಮ್ಮನ ಹೆಂಡ್ತಿ ಫೋನ್ ಮಾಡಿದ್ರು ಮೇಡಂ. ಆಪರೇಷನ್ ಮುಗೀತಂತೆ, ಇನ್ನೂ ಕಣ್ಣು ಬಿಟ್ಟಿಲ್ವಂತೆ. ಉಳೀತಾರಾ ಅಂತ ಕೇಳಿದ್ದಕ್ಕೆ ಡಾಕ್ಟ್ರು ಹೌದು ಅಂತಾನೂ ಅನ್ಲಿಲ್ವಂತೆ, ಇಲ್ಲ ಅಂತಾನೂ ಅನ್ಲಿಲ್ವಂತೆ. ಕಾಯ್ಬೇಕಂತೆ."